ಕಪ್ಪಾಗದ ಚೊಗರು

ಅಧ್ಯಾಯ ಒಂಬತ್ತು

ಗಂಗೆ ಉಜ್ಜುವುದನ್ನು ನಿಲ್ಲಿಸಿದಳು.

ದಿನಗೂಲಿಗೆ ಕಾರು ತೊಳೆಯಲು ಬಂದು ಅಂಬಾಸಿಡರಿನ ಡಿಕ್ಕಿಯೊಳಗೆ ಸೊಂಟದ ತನಕ ಬಗ್ಗಿದ್ದವಳು ತಂತಿ ಬ್ರಷ್ಷನ್ನು ಅಲ್ಲೇ ಬಿಟ್ಟು ತಲೆ ಹೊರಗೆ ತೆಗೆದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ತಂಗೀ, ಇದನ್ನ ಚೊಗರು ಅಂದೋರು ಯಾರು?" ಎಂದು ಕೇಳಿದಳು.

ಮಗುಚಿ ಹಾಕಿದ ಆಯಿಲ್ ಡಬ್ಬಿಯ ಮೇಲೆ ಕೂತಿದ್ದ ನುಜ್ಹತ್ ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತಲಿಲ್ಲ. "ಎಲ್ಲರೂ" ಎಂದಳು.

"ಎಲ್ಲರೂ ಅಂದ್ರೆ?"

"ಪೊಲೀಸರು. ಚಾಚಾ. ನಾನು."

ಶಿರಸಿಯ ಯಲ್ಲಾಪುರ ರಸ್ತೆಯಲ್ಲಿರುವ ನವೀನನ ಗ್ಯಾರೇಜಿಗೆ ಬಿಸಿಲು ಇಳಿಯುವುದೇ ಹನ್ನೊಂದರ ಮೇಲೆ. ಆ ಬಿಸಿಲಿಗೆ ಮೈ ಒಡ್ಡಿಕೊಂಡು ಕಾರು ನಿಂತಿತ್ತು. ನಾಲ್ಕು ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲವೂ ಹಾರು ಹೊಡೆದಿದ್ದವು. ತೊಂಬತ್ತೆರಡರ ಮಾಡೆಲ್ಲು, ಬಿಳಿ ಬಣ್ಣ ಹಳತಾಗಿ ಕೆನೆಯ ಬಣ್ಣಕ್ಕೆ ತಿರುಗಿತ್ತು. ಮೂವತ್ತು ವರ್ಷ ಇದನ್ನೇ ಬಾಡಿಗೆಗೆ ಓಡಿಸಿದ ಗನಿ ಹದಿನಾಲ್ಕು ತಿಂಗಳ ಹಿಂದೆ ಸಿದ್ದಾಪುರ ತಾಲ್ಲೂಕಿನ ತ್ಯಾಗಲಿ ಹತ್ತಿರ, ಸೇತುವೆಯ ಕೆಳಗೆ ಹೆಣವಾಗಿ ಸಿಕ್ಕಿದ್ದ. ರೇಡಿಯೇಟರಿಗೆ ನೀರು ತರಲು ಹಳ್ಳಕ್ಕೆ ಇಳಿದವನು ಜಾರಿದ, ತಲೆಗೆ ಬಂಡೆ ಬಡಿಯಿತು ಎಂದು ಬರೆದು ಕಡತ ಮುಚ್ಚಿದ್ದರು.

ಮಗಳು ನುಜ್ಹತ್ ಮುಚ್ಚಿರಲಿಲ್ಲ. ಸಿದ್ದಾಪುರಕ್ಕೆ ಬಾಡಿಗೆ ಎಂದು ಹೇಳಿ ಹೋದ ಅಬ್ಬಾನ ಕೊನೆಯ ಫೋನು ಬಂದದ್ದು ಎದುರು ದಿಕ್ಕಿನ ಯಲ್ಲಾಪುರದಿಂದ ಎಂಬುದು ಹೋದ ವಾರ ಅವಳಿಗೆ ಗೊತ್ತಾಗಿತ್ತು.

ಗೊತ್ತಾದಾಗ ಏನೂ ಅನ್ನಿಸಿರಲಿಲ್ಲ. ಹದಿನಾಲ್ಕು ತಿಂಗಳಿಂದ ಹಾಗೇ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯನ್ನು ಮುಟ್ಟಿದರೆ ಅದು ತನ್ನದಲ್ಲ ಅನ್ನಿಸುತ್ತದಲ್ಲ, ಅವಳ ಮೈಯಿಡೀ ಹಾಗಿತ್ತು. ನರ್ಸು ಕೆಲಸದವಳು, ಎಷ್ಟು ಹೊತ್ತಿಗೆ ಮದ್ದು ಇಳಿಯಬೇಕು ಎಂದು ಅವಳಿಗೆ ಗೊತ್ತು. ಇಳಿದಿರಲಿಲ್ಲ.

"ನೀ ಉಜ್ಜು ಮಾರಾಯ್ತಿ" ಎಂದ ನವೀನ, ಕಾರಿನಡಿಯಿಂದಲೇ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. "ನಾಕು ಗಂಟೆಗೆ ಲಾರಿ ಬರ್ತದೆ. ಮಂಗಳೂರು ಬಂದರಕ್ಕೆ ಹೋಗೂದು. ಅಷ್ಟರೊಳಗೆ ಈ ಗಾಡಿ ಮದುವೆ ಹೆಣ್ಣಿನ ಹಾಂಗೆ ಆಗ್ಬೇಕು."

"ಮದುವೆ ಹೆಣ್ಣಿನ ಹೊಟ್ಟೆ ಒಳಗೆ ಯಾರೂ ತಂತಿ ಬ್ರಷ್ ಹಾಕೂದಿಲ್ಲ" ಎಂದಳು ಗಂಗೆ.

ನವೀನ ನಕ್ಕ. ಕಾಲುಗಳು ಅಲುಗಿದವು.

ನುಜ್ಹತಳ ಕೈಯಲ್ಲಿದ್ದದ್ದು ಹಡಗಿನ ಏಜೆಂಟರು ಕಳಿಸಿದ ಕಾಗದ. ಹತ್ತು ದಿನಕ್ಕೆ ಅವಳು ಆಸ್ಟ್ರೇಲಿಯಾಕ್ಕೆ ಹೊರಡಬೇಕು. ಅಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ. ಕಾರು ಹಿಂದಿನಿಂದ ಹಡಗಿನಲ್ಲಿ ಬರುತ್ತದೆ. ಇಷ್ಟು ಹಳೆಯ ಗಾಡಿಯಾದರೆ ಅಲ್ಲಿಯವರ ತಕರಾರು ಕಡಿಮೆಯಂತೆ. ತಕರಾರು ಇರುವುದು ಕೊಳೆಗೆ. ಒಳಗಾಗಲಿ ಅಡಿಯಲ್ಲಾಗಲಿ ಮಣ್ಣು, ಬೀಜ, ಎಲೆ, ಹುಳ, ಏನೆಂದು ಹೇಳಲಾಗದ ಕಲೆ, ಇವು ಯಾವುವೂ ಇರಕೂಡದು ಎಂದು ಕಾಗದ ಹೇಳುತ್ತಿತ್ತು.

"ಒಂದು ಚೂರು ಮಣ್ಣೂ ಆಗೂದಿಲ್ವಡ" ಎಂದ ನವೀನ. "ಮಣ್ಣು ಕಂಡ್ರೆ ಹೆದರೂ ಜನ ಕಾಲು ಎಲ್ಲಿಡ್ತಾರೆ ಅಂತ."

ಬೆಳಿಗ್ಗೆಯಿಂದ ಕಾರಿನೊಳಗಿಂದ ಬಂದದ್ದೆಲ್ಲ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿತ್ತು. ಅಡಿಕೆ ಸಿಪ್ಪೆಯ ನಾರು, ಹಿಡಿ ಭತ್ತ, ಒಣಗಿದ ಅಬ್ಬಲಿಗೆ, ಯಾವುದೋ ಮಗುವಿನ ಒಂದು ಕಾಲಿನ ಗೆಜ್ಜೆ, ಜೀರಿಗೆ ಪೆಪ್ಪರಮಿಂಟಿನ ಕಾಗದ. ಮುಂದಿನ ಗಾಜಿನ ಮೇಲೆ ಬಿಸಿಲಿಗೆ ಮಡಚುವ ಪಟ್ಟಿಯ ಒಳಮೈಯಲ್ಲಿ ಅಬ್ಬಾ ಪೆನ್ನಿನಿಂದ ಬರೆದ ಅಂಕಿಗಳಿದ್ದವು. ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದೆ ಎಂಬ ಲೆಕ್ಕ. ಎಲ್ಲ ಕನ್ನಡ ಅಂಕಿಗಳು. ಐದನೇ ಇಯತ್ತೆಯವರೆಗೆ ಕಲಿತ ಅಂಕಿಗಳನ್ನು ಗನಿ ಸಾಯುವ ತನಕ ಬಿಟ್ಟಿರಲಿಲ್ಲ. ಒಂಬತ್ತು ಬರೆದರೆ ಅದರ ಬಾಲವನ್ನು ಕೆಳಗೆ ಎಳೆದು, ಮೀನಿನ ಗಾಳದ ಹಾಗೆ ಮೇಲಕ್ಕೆ ಮಡಚುವುದು ಅವನ ರೂಢಿ. ನವೀನ ಸ್ಪಿರಿಟ್ ಹಚ್ಚಿ ಒರೆಸಹೊರಟಾಗ ನುಜ್ಹತ್ "ಅದು ಇರಲಿ" ಎಂದಿದ್ದಳು. ಇಡೀ ಬೆಳಿಗ್ಗೆ ಅವಳು ಬೇಡವೆಂದದ್ದು ಅದೊಂದಕ್ಕೇ.

ಹಾಗೆಂದು ಕಾರಿನ ಮೇಲೆ ಅವಳಿಗೆ ಪ್ರೀತಿ ಉಕ್ಕುತ್ತಿತ್ತು ಎಂದೇನೂ ಅಲ್ಲ. ಪ್ರತಿ ಶುಕ್ರವಾರ ಚಾಚಾನ ಶೆಡ್ಡಿಗೆ ಹೋಗಿ ಅದರ ಮುಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತು ಬರುತ್ತಿದ್ದಳು, ಅಷ್ಟೆ. ಈ ತಿಂಗಳ ಕೊನೆಗೆ ಶೆಡ್ಡು ಬಿಡಬೇಕು. ಕಾರಿನ ಫಿಟ್‌ನೆಸ್ಸೂ ಆ ಹೊತ್ತಿಗೇ ಮುಗಿಯುತ್ತದೆ. ಹಡಗು ಹತ್ತಿದರೆ ಕಾರು ಉಳಿಯುತ್ತದೆ, ಹತ್ತದಿದ್ದರೆ ಗುಜರಿಗೆ. ಮೂರನೆಯ ದಾರಿ ಇದೆ ಎಂದು ಯಾರೂ ಹೇಳಿರಲಿಲ್ಲ.

"ಇಲ್ಲಿ ಬಾ ತಂಗೀ. ಬಂದು ನೋಡು" ಎಂದಳು ಗಂಗೆ.

ನುಜ್ಹತ್ ಎದ್ದಳು.

ಡಿಕ್ಕಿಯ ಒಳತಳದಲ್ಲಿ, ಸ್ಟೆಪ್ನಿ ಇಡುವ ಗುಳಿಯ ಈಚೆಗೆ, ತಾಟಿನಷ್ಟು ಅಗಲದ ಕಲೆ. ಅರ್ಧ ಭಾಗ ಬಣ್ಣದ ಮೇಲೆ. ಉಳಿದರ್ಧ ಬಣ್ಣ ಎದ್ದು ಹೋಗಿ ಬರಿ ತಗಡು ಕಾಣುವಲ್ಲಿ. ಎರಡೂ ಕಡೆ ಒಂದೇ ಬಣ್ಣ, ಹಳೆಯ ಇಟ್ಟಿಗೆಯ ಕಂದು.

ಶಿರಸಿ ಸೀಮೆಯಲ್ಲಿ ಆ ಬಣ್ಣದ ಕಲೆಗೆ ಒಂದೇ ಹೆಸರು. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ರಸಕ್ಕೆ ಚೊಗರು ಅನ್ನುತ್ತಾರೆ. ಅದು ಅಂಗಿಗೆ ತಾಗಿದರೆ ಅಂಗಿ ಹರಿದರೂ ಕಲೆ ಹರಿಯುವುದಿಲ್ಲ. ಸುಗ್ಗಿಯಲ್ಲಿ ಗನಿ ಜನರನ್ನು ಇಳಿಸಿ ಬರುವಾಗ ಅಡಿಕೆ ಚೀಲವನ್ನೂ ಡಿಕ್ಕಿಗೆ ಹಾಕಿಕೊಂಡು ಮಾರ್ಕೆಟ್ ಯಾರ್ಡಿಗೆ ತರುತ್ತಿದ್ದ. ಹಾಗಾಗಿ ಡಿಕ್ಕಿಯಲ್ಲಿ ಚೊಗರಿನ ಕಲೆ ಇರುವುದು ಯಾರಿಗೂ ವಿಶೇಷವಾಗಿ ಕಂಡಿರಲಿಲ್ಲ.

ಗಂಗೆ ತನ್ನ ಎರಡೂ ಕೈ ಬಿಚ್ಚಿ ತೋರಿಸಿದಳು. ಹೆಬ್ಬೆರಳು, ತೋರುಬೆರಳು, ಉಗುರಿನ ಸಂದು, ಎಲ್ಲ ಕರ್ರಗೆ ಮಸಿ ಬಳಿದ ಹಾಗಿದ್ದವು.

"ಇದು ಎಂತ ಹೇಳು?"

"ಚೊಗರು."

"ಹೌದು. ನಲವತ್ತು ಸುಗ್ಗಿ ಅಡಿಕೆ ಸುಲ್ದಿದ್ದೇನೆ. ಕೈಯಲ್ಲಿದ್ದದ್ದು ಕೆಂಪಾ, ಕಪ್ಪಾ?"

"ಕಪ್ಪು."

"ಎಂತಕ್ಕೆ ಕಪ್ಪು? ಕತ್ತಿ ಕಬ್ಬಿಣದ್ದು, ಅದಕ್ಕೆ." ಸೊಂಟದ ಚೀಲದಿಂದ ಅಡಿಕೆ ಸುಲಿಯುವ ಕತ್ತಿ ತೆಗೆದು ಅಲಗು ತೋರಿಸಿದಳು. ಅದೂ ಕಪ್ಪು. "ಚೊಗರು ಬಟ್ಟೆ ಮೇಲೆ ಬಿದ್ರೆ ಕೆಂಪು. ಕಟ್ಟಿಗೆ ಮೇಲೆ ಬಿದ್ರೆ ಕೆಂಪು. ಕಬ್ಬಿಣ ಮುಟ್ತು ಅಂದ್ರೆ ಮುಗೀತು, ಮಸಿ. ಇಲ್ಲಿ ಬರಿ ತಗಡಿನ ಮೇಲೆ ಬಿದ್ದಿದೆ. ವರ್ಷದ ಮೇಲಾಯ್ತು. ಕಪ್ಪಾಗ್ಲೇ ಇಲ್ಲ."

ನವೀನ ಕಾರಿನಡಿಯಿಂದ ಹೊರಗೆ ಜಾರಿ ಬಂದ. ಬಗ್ಗಿ ನೋಡಿದ. "ತುಕ್ಕಿರ್ಬೇಕು" ಎಂದ.

"ತುಕ್ಕು ಉಜ್ಜಿದ್ರೆ ಪುಡಿ ಬರ್ತದೆ. ಇದು ಹಕ್ಕಳೆ ಬಂತು" ಎಂದು ಗಂಗೆ ಬ್ರಷ್ಷಿನ ತುದಿ ತೋರಿಸಿದಳು. ಅದಕ್ಕೆ ಅಂಟಿದ್ದ ಚೂರು ಗಾಯದ ಮೇಲಿನ ಒಣ ಪದರದ ಹಾಗೇ ಇತ್ತು.

ರಸ್ತೆಯಲ್ಲಿ ಮುಂಡಗೋಡದ ಬಸ್ಸು ಹೋಯಿತು.

ನುಜ್ಹತ್ ತನ್ನ ಬ್ಯಾಗಿನಿಂದ ಹೈಡ್ರೋಜನ್ ಪೆರಾಕ್ಸೈಡಿನ ಪುಟ್ಟ ಬಾಟಲಿ ತೆಗೆದಳು. ಗಾಯ ತೊಳೆಯುವುದು, ನರ್ಸುಗಳ ಬ್ಯಾಗಿನಲ್ಲಿ ಇಂಥದ್ದು ಇದ್ದೇ ಇರುತ್ತದೆ. ಬಣ್ಣದ ಮೇಲಿನ ಕಲೆಯ ಅಂಚಿಗೆ ಎರಡು ಹನಿ ಬಿಟ್ಟಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಸಣ್ಣಗೆ ಚರಚರ ಸದ್ದು. ಬಿಳಿ ನೊರೆ ಎದ್ದಿತು, ಹಾಲು ಉಕ್ಕುವ ಮೊದಲು ಅಂಚಿನಲ್ಲಿ ಏಳುವಂಥ ನೊರೆ.

ಪಕ್ಕದಲ್ಲಿ, ಚಕ್ರದ ಕಮಾನಿನ ನಿಜವಾದ ತುಕ್ಕಿನ ಮೇಲೆ ಇನ್ನೆರಡು ಹನಿ ಬಿಟ್ಟಳು. ಅಲ್ಲಿ ಒಂದೆರಡು ಗುಳ್ಳೆ ಬಂದು ಒಡೆದವು, ಅಷ್ಟೆ.

"ಎಂತದು?" ಎಂದ ನವೀನ, ಗೊತ್ತಿದ್ದೂ.

"ರಕ್ತ" ಎಂದಳು ನುಜ್ಹತ್, ವಾರ್ಡಿನಲ್ಲಿ ಬೆಡ್ ನಂಬರು ಹೇಳುವ ದನಿಯಲ್ಲಿ.

ಬ್ಲೇಡು ತೆಗೆದುಕೊಂಡು ಕಲೆಯ ಇನ್ನೊಂದು ಅಂಚನ್ನು ಕೆರೆದು, ಬಿದ್ದ ಚೂರುಗಳನ್ನು ಮಾತ್ರೆ ಹಾಕಿಕೊಡುವ ಕಾಗದದ ಲಕೋಟೆಯೊಳಗೆ ತುಂಬಿ, ಮಡಚಿ ಕಿಸೆಗಿಟ್ಟಳು. ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪಂಚನಾಮೆಯ ದಿನ ಹವಾಲ್ದಾರ ಇದೇ ಡಿಕ್ಕಿ ತೆರೆದು ಅವಳನ್ನು ಕರೆದಿದ್ದ. "ಎಂತಮ್ಮ ಇದು ಕಲೆ?" ಕೇಳಿದವನಿಗೂ ಉತ್ತರ ಗೊತ್ತಿತ್ತು, ಅವನ ಊರಲ್ಲೂ ಅಡಿಕೆ ಬೇಯಿಸುತ್ತಾರೆ. ಅವಳು "ಚೊಗರು" ಎಂದಳು. ಅವನು ಬರೆದುಕೊಂಡ. ಬೇರೆ ಸೀಮೆಯ ಪೊಲೀಸನಾಗಿದ್ದರೆ ಆ ಕೆಂಪು ಕಂಡು ಹೌಹಾರುತ್ತಿದ್ದ, ಕೆರೆದು ಬಾಟಲಿಯಲ್ಲಿ ಹಾಕಿ ಕಳಿಸುತ್ತಿದ್ದ. ಇಲ್ಲಿಯವರ ಕಣ್ಣಿಗೆ ಹುಟ್ಟಿದಂದಿನಿಂದ ಆ ಬಣ್ಣ ಒಗ್ಗಿ ಹೋಗಿದೆ.

ಹಾಗಾದರೆ ಅಬ್ಬಾ ಸೇತುವೆಯ ಕೆಳಗೆ ಜಾರಿ ಬೀಳಲಿಲ್ಲ. ಬೇರೆಲ್ಲೋ ತಲೆಗೆ ಪೆಟ್ಟು ಬಿತ್ತು. ತನ್ನದೇ ಕಾರಿನ ಡಿಕ್ಕಿಯಲ್ಲಿ ಮಲಗಿ ತ್ಯಾಗಲಿಗೆ ಹೋದ. ಓಡಿಸಿದವನು ಇನ್ನೊಬ್ಬ.

"ನುಜ್ಹತ್, ನಾ ಒಂದು ಹೇಳೂದಾ?" ನವೀನ ದನಿ ತಗ್ಗಿಸಿದ. "ಜಹೀರ್ ಚಾಚಾ ಬೆಳಿಗ್ಗೆ ಏಳಕ್ಕೇ ಫೋನು ಮಾಡಿದ್ರು. ಎಲ್ಲಕ್ಕಿಂತ ಮೊದ್ಲು ಡಿಕ್ಕಿ ತೊಳಿ ಅಂದ್ರು. ಆಸಿಡ್ ಹಾಕು, ಸ್ಟೀಮ್ ಹೊಡಿ, ಕಲೆ ಕಾಣ್ಬಾರ್ದು ಅಂತ."

ನುಜ್ಹತ್ ಗೋಡೆಯ ಬದಿಯ ಸ್ಟೀಮ್ ಯಂತ್ರವನ್ನು ನೋಡಿದಳು. ಅದರ ಮುಳ್ಳು ಆಗಲೇ ಮೇಲೇರಿತ್ತು.

ಕಾರನ್ನು ಕಳಿಸಬೇಕೆಂದರೆ ತೊಳೆಯಬೇಕು. ತೊಳೆದರೆ ಕಿಸೆಯ ಲಕೋಟೆಯ ಹೊರತು ಏನೂ ಉಳಿಯದು; ಲಕೋಟೆಯಲ್ಲಿದ್ದದ್ದು ಇದೇ ಕಾರಿನದು ಎಂದು ಹೇಳುವುದಕ್ಕೆ ಕಾರೂ ಇರದು. ಕಳಿಸದಿದ್ದರೆ ಕಲೆ ಉಳಿಯುತ್ತದೆ. ಕಾರಿನ ಗತಿ ಏನೋ.

"ತೊಳೀಬೇಡ" ಎಂದಳು. "ಕಳಿಸೂದಿಲ್ಲ."

ಹೇಳಿದ ಮೇಲೆ ಒಳಗೆ ಏನಾದರೂ ಅಲುಗೀತೇ ಎಂದು ಕಾದಳು. ಆಯಿಲ್ ಡಬ್ಬಿಯ ಪಕ್ಕ ಆಗಲೇ ತಂದಿಟ್ಟಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಅದನ್ನು ಬೆರಳಿನಿಂದ ತೆಗೆದು ಕುಡಿದಳು.

*

ಜಹೀರ್ ಬಂದದ್ದು ಮೂರೂವರೆಗೆ. ಗನಿಯ ತಮ್ಮ, ಮಾರ್ಕೆಟ್ ಹಿಂದೆ ಲಾರಿ ಬುಕಿಂಗ್ ಆಫೀಸು ಇಟ್ಟವನು. ಅಣ್ಣ ಎಷ್ಟು ಗಿಡ್ಡನೋ ತಮ್ಮ ಅಷ್ಟು ಎತ್ತರ. ಗ್ಯಾರೇಜಿನ ಶಟರಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದ.

ಅವನ ಹಿಂದೆಯೇ, ಹೇಳಿದ್ದಕ್ಕಿಂತ ಮೊದಲೇ, ಉದ್ದನೆಯ ಲಾರಿ ಬಂದು ರಸ್ತೆ ಬದಿಗೆ ನಿಂತಿತು.

"ಅರೆ, ಇನ್ನೂ ತೊಳ್ದಿಲ್ವಾ?" ಎಂದ ಜಹೀರ್. "ನವೀನಾ, ಮಧ್ಯಾಹ್ನ ಪೂರಾ ಎಂತ ಮಾಡ್ದೆ, ಗಾಡಿಗೆ ಲಾಲಿ ಹಾಡ್ದ್ಯಾ?"

ನವೀನ ಸ್ಪಾನರು ಒರೆಸುತ್ತ ನಿಂತ. ಗಂಗೆ ಡಿಕ್ಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಚಾಚಾ, ಡಿಕ್ಕಿ ಮೊದಲು ತೊಳೀಬೇಕು ಅಂದಿದ್ದು ಯಾಕೆ?" ಎಂದಳು ನುಜ್ಹತ್.

"ಕಾಗದದಲ್ಲಿ ಕಲೆ ಇರಬಾರ್ದು ಅಂತ ಬರ್ದಿದ್ದಾರಲ್ಲ ಬೇಟಾ. ಇಡೀ ಗಾಡಿಯಲ್ಲಿ ಕಲೆ ಅಂತ ಇದ್ದಿದ್ದು ಅದೊಂದೇ."

"ಅದು ಚೊಗರಲ್ಲ."

"ಮತ್ತೆ?"

ಹೇಳಿದಳು. ಜಹೀರನ ಮುಖದಲ್ಲಿ ಏನು ಬರುತ್ತದೆ ಎಂದು ರೋಗಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡುವವಳ ಹಾಗೆ ನೋಡಿದಳು. ಅವನು ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. ಎರಡು ಸಲ.

"ಭಾಯಿಯದ್ದಾ?"

"ಅಬ್ಬಾನ ಕಾರಲ್ಲಿ ಮತ್ತೆ ಯಾರದ್ದಿರ್ತದೆ ಚಾಚಾ?"

ಜಹೀರ್ ಗಂಗೆಯ ತಲೆಯ ಮೇಲಿಂದ ಡಿಕ್ಕಿಯೊಳಗೆ ಇಣುಕಿದ.

ನುಜ್ಹತ್ ಹಿಂದಿನ ಸೀಟಿನಿಂದ ಚಪ್ಪಟೆಯಾದ ಒಂದು ದಿಂಬು ತಂದಳು. ನೀಲಿ ಗವಸು, ಮಧ್ಯ ಸವೆದು ಹೋಗಿತ್ತು. ಇದರ ಮೇಲೆ ಕೂರದೆ ಗನಿಗೆ ಸ್ಟೇರಿಂಗಿನ ಆಚೆಗೆ ರಸ್ತೆ ಕಾಣುತ್ತಿರಲಿಲ್ಲ. 'ದಿಂಬಿನ ಗನಿ' ಎಂದೇ ಸ್ಟ್ಯಾಂಡಿನವರು ತಮಾಷೆ ಮಾಡುತ್ತಿದ್ದರು.

"ಕಾರು ಮನೆಗೆ ಬಂದಾಗ ಇದು ಹಿಂದಿನ ಸೀಟಲ್ಲಿತ್ತು" ಎಂದಳು. "ಅಬ್ಬಾ ಓಡಿಸಿದ್ದರೆ ಮುಂದೆ ಇರಬೇಕಿತ್ತು. ಇದನ್ನ ತೆಗೆದು ಹಿಂದೆ ಒಗೆದವರು ಎತ್ತರದೋರು."

"ನಾನೇ ಒಗ್ದಿದ್ದು."

ನವೀನನ ಕೈಯ ಬಟ್ಟೆ ನಿಂತಿತು.

"ಹಾಂಗೆ ನೋಡ್ಬೇಡ. ಪೊಲೀಸರು ಗಾಡಿ ಬಿಟ್ಟಾಗ ತ್ಯಾಗಲಿಯಿಂದ ಶಿರ್ಸಿಗೆ ತಂದವನು ಯಾರು? ನಾನು. ಕೂತ ಕೂಡ್ಲೆ ತಲೆ ತಗಡಿಗೆ ಹೊಡೀತು. ನೋಡಿದ್ರೆ ಅಡಿಗೆ ಭಾಯಿಯ ದಿಂಬು. ಅದೇ ಕೈಯಲ್ಲಿ ಹಿಂದೆ ಒಗ್ದೆ. ಅಳು ಬಂತು, ಅದಕ್ಕೇ ಜೋರಾಗಿ ಒಗ್ದೆ. ಬೇಕಾದ್ರೆ ಪೊಲೀಸರ ಫೋಟೋ ನೋಡು. ಗಾಡಿ ಸಿಕ್ಕಾಗ ದಿಂಬು ಡ್ರೈವರ್ ಸೀಟಿನ ಮೇಲೇ ಇತ್ತು."

ಆ ಫೋಟೋ ನುಜ್ಹತಳ ಫೋನಿನಲ್ಲಿತ್ತು; ತೆಗೆದು ದೊಡ್ಡದು ಮಾಡಿ ನೋಡಿದಳು. ಕಾರು ಸಿಕ್ಕಿದ್ದು ಸೇತುವೆಯ ಪಕ್ಕದ ಹಳೇ ದಾರಿಯಲ್ಲಿ, ಅಕೇಶಿಯಾ ಮರಗಳ ಮರೆಯಲ್ಲಿ. ಆರು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಾಗಿಲ ಗಾಜಿನಾಚೆ ಸ್ಟೇರಿಂಗು, ಅದರ ಕೆಳಗೆ ಸೀಟಿನ ಮೇಲೆ ನೀಲಿ ಮೂಲೆ. ಚಾಚಾ ಸುಳ್ಳು ಹೇಳಿರಲಿಲ್ಲ.

ಹದಿನಾಲ್ಕು ತಿಂಗಳಿಂದ ಎತ್ತರದವನೊಬ್ಬನನ್ನು ಹುಡುಕುತ್ತಿದ್ದವಳಿಗೆ ಅದು ಸುಮ್ಮನೆ ಒಂದು ಗೆರೆ ಅಳಿಸಿದ ಹಾಗಾಯಿತು. ಅಳಿಸಿದಲ್ಲಿ ಏನು ಬರೆಯಬೇಕು ಎಂಬುದು ಆಗ ಹೊಳೆಯಲಿಲ್ಲ.

"ಆದ್ರೂ ಇಷ್ಟು ಅವಸರ ಯಾಕೆ ಚಾಚಾ? ಕಾರು ಕಳಿಸುವ ಮಾತು ಎತ್ತಿದ್ದೇ ನೀವು. ಏಜೆಂಟನ್ನ ಹುಡುಕಿದ್ದೂ ನೀವು."

ಜಹೀರ್ ಅವಳನ್ನು ಹುಚ್ಚಿಯ ಹಾಗೆ ನೋಡಿದ. "ನಾನಾ? ನಾನು ಗುಜರಿಗೆ ಹಾಕುವ ಅಂತಿದ್ದೆ. ಎರಡು ತಿಂಗಳ ಹಿಂದೆ ಮಂಗಳೂರಿಂದ ಫೋನು ಬಂತು. ನಿಮ್ಮ ಅಂಬಾಸಿಡರಿನ ಅರ್ಜಿ ನಮ್ಮಲ್ಲಿ ಬಾಕಿ ಉಂಟು, ಆಸ್ಟ್ರೇಲಿಯಾಕ್ಕೆ ಕಳಿಸೂದಾ ಇಲ್ವಾ ಅಂತ. ನೀನೇ ಹಾಕಿದ್ದು ಅಂದ್ಕೊಂಡೆ. ಮನಸಲ್ಲಿ ಇಟ್ಕೊಂಡು ಬಾಯಿ ಬಿಡದ ಹುಡುಗಿ, ಕೇಳಿ ಯಾಕೆ ನೋಯಿಸ್ಲಿ ಅಂತ ಸುಮ್ನೆ 'ಕಳಿಸುವ' ಅಂದೆ."

"ನಾನು ಹಾಕಿಲ್ಲ."

"ನೀನಲ್ವಾ ಅರ್ಜಿ ಹಾಕಿದ್ದು?"

"ನೀವು ಅಂತ ತಿಳಿದಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎರಡು ತಿಂಗಳು ಒಂದೇ ಓಣಿಯಲ್ಲಿ ಇದ್ದುಕೊಂಡು, ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಅದು.

ಹೊರಗಿನಿಂದ ಲಾರಿಯವನು ಒಳಗೆ ಇಣುಕಿದ. ಹಾವೇರಿ ಕಡೆಯವನು, ಸಂಗಯ್ಯ ಎಂದು ಹೆಸರು. "ಅಕ್ಕಾರ, ಗಾಡಿ ಬಿಗಿಯೋ ಪಟ್ಟಿ ಬಿಚ್ಚಿ ಇಟ್ಟೇನ್ರಿ. ತೊಳಿಯೂದು ಮುಗದಿದ್ರ ಏರಿಸೇಬಿಡೋಣು."

"ಐದು ನಿಮಿಷ" ಎಂದು ನುಜ್ಹತ್ ಕಾಗದದಲ್ಲಿದ್ದ ನಂಬರು ಒತ್ತಿದಳು.

*

ಎತ್ತಿದ ದನಿ ಹುಡುಗಿಯದು. ಹೆಸರು ಅಭಿಜ್ಞಾ ಎಂದಳು. ಏಜೆಂಟರ ಆಫೀಸಿನಲ್ಲಿ ಕಾಗದಪತ್ರ ನೋಡುವವಳು. ಶಿರಸಿ ಎಂದು ಕೇಳಿದ್ದೇ ದನಿ ಸಡಿಲವಾಯಿತು.

"ಅಯ್ಯ, ಶಿರ್ಸಿಯೋರಾ? ಆನು ವಾನಳ್ಳಿಯವ್ಳೇಯ... ಅಂದ್ರೆ, ನಾನು ವಾನಳ್ಳಿಯವಳು ಮೇಡಂ. ನಿಮ್ಮ ಫೈಲು ನಂಗೆ ಬಾಯಿಪಾಠ. ಅದನ್ನ ಕಸದಿಂದ ಎತ್ತಿದ್ದೇ ನಾನು."

"ಕಸದಿಂದ?"

"ಹಳೇ ಅರ್ಜಿ ಎಲ್ಲ ವಿಲೇವಾರಿ ಮಾಡ್ತಿದ್ರು. ಇದು ಕೈಬರಹದ್ದು. ಈಗ ಯಾರು ಕೈಯಲ್ಲಿ ಬರೀತಾರೆ? ಅದೂ ಅಂಕಿ ಎಲ್ಲ ಕನ್ನಡದಲ್ಲಿ. ಇಲ್ಲಿದ್ದೋರಿಗೆ ಯಾರಿಗೂ ಓದೂಲೆ ಬರ್ಲಿಲ್ಲೆ, ಅದಕ್ಕೇ ಮೂಲೆಗೆ ಹಾಕಿದ್ರು. ನಾ ಓದಿ, ಅದ್ರಲ್ಲಿದ್ದ ಆಫೀಸ್ ನಂಬರಿಗೆ ಫೋನ್ ಮಾಡ್ದೆ. ಜಹೀರ್ ಅಂತ ಎತ್ತಿದ್ರು."

ನುಜ್ಹತಳ ಕಿವಿಯ ಹತ್ತಿರ ಫೋನು ತಣ್ಣಗೆ ಅನ್ನಿಸಿತು.

"ಅದರ ಫೋಟೋ ಕಳಿಸ್ತೀರಾ?"

"ಅಕ್ಕು, ಈಗ್ಲೇ ಕಳಿಸ್ತೇನೆ. ಎಂತಕ್ಕೆ ಮೇಡಂ, ತಪ್ಪಿದೆಯಾ? ಮಾಲೀಕರು ತೀರಿಕೊಂಡಿದ್ದಾರೆ, ವಾರಸುದಾರರು ಮಗಳು ನುಜ್ಹತ್, ಆಸ್ಟ್ರೇಲಿಯಾಕ್ಕೆ ಹೋಗುವವರು. ಸರಿ ಅಲ್ದಾ? ತಾರೀಕು ನವೆಂಬರ್ ಹದಿನೈದು. ಹೋದ ವರ್ಷ ಅಲ್ಲ, ಅದರ ಹಿಂದಿನದು."

"ಎಷ್ಟು?"

"ಹದಿನೈದು ಮೇಡಂ. ಕೊರಿಯರ್ ಕವರಿನ ಮೇಲೂ ಅದೇ ಇದೆ, ಹದಿನೈದು. ಯಲ್ಲಾಪುರದಿಂದ ಬಂದದ್ದು."

ಫೋನು ಇಟ್ಟಳು.

ಅಬ್ಬಾ ಮನೆಯಿಂದ ಹೊರಟದ್ದು ನವೆಂಬರ್ ಹದಿಮೂರಕ್ಕೆ. ಅದೇ ರಾತ್ರಿಯಿಂದ ಸಂಪರ್ಕ ಇಲ್ಲ. ಹೆಣ ಸಿಕ್ಕಿದ್ದು ಹತ್ತೊಂಬತ್ತಕ್ಕೆ. ಸತ್ತು ಐದಾರು ದಿನವಾಗಿದೆ ಎಂದು ಡಾಕ್ಟರು ಬರೆದರು. ಅಂದರೆ ಹದಿಮೂರು, ಇಲ್ಲವೇ ಹದಿನಾಲ್ಕು. ಹದಿನೈದನೇ ತಾರೀಕು ಮನೆಯವರೆಲ್ಲ ಗನಿ ಬದುಕಿದ್ದಾನೆಂದೇ ನಂಬಿ ಶಿರಸಿ, ಸಿದ್ದಾಪುರದ ಆಸ್ಪತ್ರೆಗಳನ್ನು ಸುತ್ತುತ್ತಿದ್ದರು. ಆ ದಿನ ಯಲ್ಲಾಪುರದಲ್ಲಿ ಯಾರೋ ಒಬ್ಬ ಕೂತು 'ಮಾಲೀಕರು ತೀರಿಕೊಂಡಿದ್ದಾರೆ' ಎಂದು ಬರೆದಿದ್ದ.

ಕೊಂದವನು. ಮತ್ಯಾರಿಗೆ ಗೊತ್ತಿರಬೇಕು?

ಆದರೆ ಆಸ್ಟ್ರೇಲಿಯಾ. ಅಲ್ಲಿಗೆ ಹೋಗಲು ಅವಳು ಬರೆದ ಪರೀಕ್ಷೆಯ ಫಲಿತಾಂಶ ಬಂದು ಆಗಿನ್ನೂ ಮೂರೇ ದಿನವಾಗಿತ್ತು. ಅಮ್ಮಿಗೆ ಹೇಳಿರಲಿಲ್ಲ, ಚಾಚಾನಿಗೆ ಹೇಳಿರಲಿಲ್ಲ. ಹನ್ನೆರಡನೇ ತಾರೀಕು ಸಂಜೆ, ಇದೇ ಕಾರಿನಲ್ಲಿ, ಡ್ಯೂಟಿಯಿಂದ ಕರೆದೊಯ್ಯಲು ಬಂದ ಅಬ್ಬಾನಿಗೆ ಮಾತ್ರ ಹೇಳಿದ್ದಳು. ಅವನು ದಿಂಬಿನ ಮೇಲೆ ಕೂತು, ರಸ್ತೆ ನೋಡುತ್ತ, "ಹಂಗಾರೆ ಈ ಮುದುಕಿಯನ್ನೂ ಕರ್ಕೊಂಡು ಹೋಗು" ಎಂದು ಸ್ಟೇರಿಂಗು ತಟ್ಟಿದ್ದ.

ಫೋನು ಕುಂಯ್ ಎಂದಿತು. ಫೋಟೋ ಬಂದಿತ್ತು.

ನುಜ್ಹತ್ ಕಾರಿನ ಮುಂದಿನ ಸೀಟಿಗೆ ಹೋಗಿ ಕೂತಳು. ಗಾಜಿನ ಮೇಲಿನ ಪಟ್ಟಿಯನ್ನು ಕೆಳಗೆ ಮಡಚಿದಳು. ಪಕ್ಕದಲ್ಲಿ ಫೋನು ಹಿಡಿದಳು.

ಅರ್ಜಿಯಲ್ಲಿ ಗಾಡಿಯ ಮಾಡೆಲ್ಲು: ೧೯೯೨. ಎರಡು ಒಂಬತ್ತು. ಎರಡೂ ಒಂಬತ್ತರ ಬಾಲ ಕೆಳಗೆ ಇಳಿದು ಮೀನಿನ ಗಾಳದ ಹಾಗೆ ಮೇಲಕ್ಕೆ ಮಡಚಿಕೊಂಡಿತ್ತು.

ಪಟ್ಟಿಯ ಮೇಲೆ: ೮೯೯೦೦. ಅದೇ ಗಾಳ.

ತಾರೀಕಿನ ಜಾಗದಲ್ಲಿ, ಅದೇ ಶಾಯಿಯಲ್ಲಿ, ಅದೇ ಕೈಯಲ್ಲಿ: ೧೫.

ಹದಿನೈದನೇ ತಾರೀಕು ಅಬ್ಬಾ ಬದುಕಿದ್ದ. ಯಲ್ಲಾಪುರದಲ್ಲಿ ಕೂತು ತಾನು ಸತ್ತಿದ್ದೇನೆ ಎಂದು ತಾನೇ ಬರೆದಿದ್ದ.

ಆಗ ಎಲ್ಲವೂ, ಗಡಿಬಿಡಿಯಿಲ್ಲದೆ, ಒಂದರ ಹಿಂದೊಂದು ಬಂದು ಕೂತವು. ದಿಂಬು ಡ್ರೈವರ್ ಸೀಟಿನ ಮೇಲೇ ಇತ್ತು, ಏಕೆಂದರೆ ಓಡಿಸಿದವನಿಗೆ ಅದು ಬೇಕಿತ್ತು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ನೀರಿನಲ್ಲಿದ್ದು ಮುಖ ನೋಡುವ ಹಾಗಿಲ್ಲ ಎಂದಾಗ, ಅಮ್ಮಿ ಶಮ್ಸುನ್ನಿಸಾ ಬಟ್ಟೆಯನ್ನು ಪೂರ್ತಿ ಸರಿಸಲಿಲ್ಲ. ಅಂಗಿಯ ತೋಳು, ಬೆಳ್ಳಿಯ ಉಂಗುರ ಅಷ್ಟೇ ನೋಡಿ "ಇವರೇ" ಎಂದಳು. ಬೇಗ ಹೇಳಿದ್ದಳು. ಪಕ್ಕದಲ್ಲಿ ನಿಂತಿದ್ದ ನುಜ್ಹತ್ ನೋಡಲೇ ಇಲ್ಲ; ಅವತ್ತೇ ಮೈ ಮರಗಟ್ಟಿದ್ದು.

ಹದಿನಾಲ್ಕು ತಿಂಗಳು ಅವಳು ಅಬ್ಬಾನನ್ನು ಕೊಂದವನನ್ನು ಹುಡುಕುತ್ತಿದ್ದಳು. ಶುಕ್ರವಾರ ಶುಕ್ರವಾರ ಅಮ್ಮಿ ಹೂ ಕಳಿಸುವ ಆ ಗೋರಿಯಲ್ಲಿ ಮಲಗಿರುವವನು ಯಾರು?

ಡಿಕ್ಕಿಯ ರಕ್ತ ಅವನದು. ಓಡಿಸಿದವನು ಅಬ್ಬಾ.

ಕಾರನ್ನು ಸಮುದ್ರದಾಚೆ ಕಳಿಸಬೇಕು, ಅದಕ್ಕೆ ಮೊದಲು ಮಣ್ಣು, ಬೀಜ, ಕಲೆ ಒಂದೂ ಉಳಿಯದ ಹಾಗೆ ತೊಳೆಸಬೇಕು ಎಂದು ಬಯಸಿದವನೂ ಅಬ್ಬಾ. ಮಗಳ ಕೈಯಿಂದಲೇ.

"ಎಂತ ಅಂದ್ರು?" ಜಹೀರ್ ಕಿಟಕಿಯ ಹತ್ತಿರ ಬಗ್ಗಿದ್ದ. "ಯಾರು ಹಾಕಿದ್ದಂತೆ ಅರ್ಜಿ?"

ನುಜ್ಹತ್ ಫೋನನ್ನು ಮಗುಚಿ ತೊಡೆಯ ಮೇಲಿಟ್ಟಳು. ಪಟ್ಟಿಯನ್ನು ಮೇಲಕ್ಕೆ ಮಡಚಿದಳು.

"ಗೊತ್ತಿಲ್ಲವಂತೆ" ಎಂದಳು.

ಅಬ್ಬಾನ ಸಲುವಾಗಿ ಅವಳು ಹೇಳಿದ ಮೊದಲ ಸುಳ್ಳು ಅದು. ಹೇಳುವಾಗ ಬಲಗೈಯ ಬೆರಳ ತುದಿಯಲ್ಲಿ, ಹದಿನಾಲ್ಕು ತಿಂಗಳ ಮೇಲೆ, ಸಣ್ಣಗೆ ಜುಮ್ಮೆಂದಿತು.

"ಏನ್ ಮಾಡ್ಲಿ ಅಕ್ಕಾರ?" ಸಂಗಯ್ಯ ಶಟರಿನ ಕೆಳಗೆ ನಿಂತು ಕೂಗಿದ. "ಏರಸ್ಲ್ಯೋ ಬ್ಯಾಡೋ, ಒಂದ್ ಮಾತ್ ಹೇಳಿಬಿಡ್ರಿ. ಹೊತ್ತಾತು."

ನುಜ್ಹತ್ ಇಳಿದಳು. ಕಿಸೆಯೊಳಗಿನ ಲಕೋಟೆಯನ್ನು ಒಂದು ಕೈಯಲ್ಲಿ ಮುಚ್ಚಿ ಹಿಡಿದು, ಗೋಡೆಯ ಬದಿಗೆ ನಡೆದು ಹೋಗಿ, ಇನ್ನೊಂದು ಕೈಯಲ್ಲಿ ಸ್ಟೀಮಿನ ಪೈಪು ಎತ್ತಿಕೊಂಡಳು.

"ನೀನೇ ಬೇಡ ಅಂದ್ಯಲ್ಲೆ" ಎಂದ ನವೀನ.

ನುಜ್ಹತ್ ಪೈಪು ಎಳೆದುಕೊಂಡು ಕಾರಿನ ಹಿಂಬದಿಗೆ ಬಂದಳು. "ಆಚೆ ಸರಿ ಗಂಗಕ್ಕ. ಬಿಸಿ ತಾಗ್ತದೆ."

ಗಂಗೆ ಎಲೆಯನ್ನು ಬಾಯಿಗಿಟ್ಟುಕೊಂಡಳು. ಪೈಪು ನೋಡಿದಳು, ಅವಳ ಮುಖ ನೋಡಿದಳು. ಕಪ್ಪು ಬೆರಳುಗಳ ಎರಡೂ ಕೈಯನ್ನು ಡಿಕ್ಕಿಯ ಅಂಚಿಗೆ ಊರಿ ನಿಧಾನಕ್ಕೆ ಎದ್ದು ನಿಂತಳು.

ಸರಿಯಲಿಲ್ಲ.